ಪ್ರಶ್ನೆ ಕೇಳುವ ನಿಧಿ

ಜಾರೊ, ಇಲೊಯ್ಲೊ
ಅಕ್ಟೋಬರ್ 9, ಗುರುವಾರ

ಪ್ರೀತಿಯ ತೆರ್ಯೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಗೆ ಮೈತುಂಬ ಬೆವರುಸಾಲೆ ಎದ್ದಿದೆ ಅಂದಿದ್ದೆಯಲ್ಲ, ಅದಕ್ಕೆ ನಿನ್ನ ಅಮ್ಮ ಕೊಬ್ಬರಿ ಎಣ್ಣೆ ಕಾಯಿಸಿ ಬಾಟಲಿಗೆ ತುಂಬಿ ಕೊಟ್ಟಿದ್ದಾರೆ. ಮುಚ್ಚಳದ ಸುತ್ತ ಮೇಣ ಹಚ್ಚಿದ್ದೇನೆ, ಸೆವೆರಿನೊ ಚೀಲವನ್ನು ಹೇಗೆ ಎಸೆದರೂ ಸೋರಲಾರದು. ಅಮ್ಮನ ಮೊಣಕಾಲು ಹಿಂದಿನ ಹಾಗೇ ಇದೆ, ಬಾಯಿ ಮಾತ್ರ ಇನ್ನಷ್ಟು ಚುರುಕಾಗಿದೆ. ಹೋವಿತಾಳ ಮುಂದಿನ ಎರಡೂ ಹಲ್ಲು ಬಿದ್ದಿವೆ. ಪಪಾ ಬರುವಷ್ಟರಲ್ಲಿ ಹೊಸ ಹಲ್ಲು ಬರುತ್ತಾ ಎಂದು ದಿನಾ ಕನ್ನಡಿ ಮುಂದೆ ನಿಂತು ಕೇಳುತ್ತಾಳೆ. ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆಂದರೆ, ಮೊನ್ನೆ ಪಕ್ಕದ ಮನೆಯವಳು ನನ್ನ ಮುಖ ನೋಡಿ ಲಾಟರಿ ಹೊಡೆಯಿತಾ ಎಂದು ಕೇಳಿದಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಡಾಕ್ ಸಾಲ್ಸೆದೊ ಹೆಸರು ನನ್ನ ಬಾಯಿಂದ ಹೊರಟ ಕೂಡಲೇ ನಿನ್ನ ಹಡಗಿನಲ್ಲಿ ಸಿಗ್ನಲ್ ಕಡಿದುಹೋಗುತ್ತದೆ. ಮೂರು ವರ್ಷದಿಂದ ಹಾಗೇ ನಡೆದಿದೆ. ಕಾಗದವನ್ನು ನಡುವೆ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಕಾಗದ. ನಿಮ್ಮ ಅಡುಗೆಯವ ಸೆವೆರಿನೊ ರಜೆ ಮುಗಿಸಿ ಹದಿನಾರಕ್ಕೆ ಸಿಂಗಪುರದಲ್ಲಿ ಹಡಗು ಹತ್ತುತ್ತಾನಂತೆ. ನಾಳೆ ಬೆಳಿಗ್ಗೆ ಇಲ್ಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ಕೂತು ಓದು. ಕೊನೆಯ ತನಕ ಓದು.

ನಿನಗೆ ಗೊತ್ತಿರುವ ಸಂಗತಿಯಿಂದಲೇ ಶುರುಮಾಡುತ್ತೇನೆ. ಅದನ್ನು ನಾನು ಹೇಗೆ ನೆನಪಿಟ್ಟುಕೊಂಡಿದ್ದೇನೆ ಎಂಬುದು ನಿನಗೆ ಗೊತ್ತಿಲ್ಲವಲ್ಲ. ಆಗ ನೀನು ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ತಂತ್ರಜ್ಞ. ಬಗಾತ್ನಾನ್ ದ್ವೀಪದ ಆರೋಗ್ಯ ಕೇಂದ್ರದ ಫ್ರಿಜ್ ಕೆಟ್ಟಿದೆಯೆಂದು ನಿನ್ನನ್ನು ಕಳಿಸಿದರು. ಅಲ್ಲಿನ ಸೂಲಗಿತ್ತಿ ಮಾನಾಂಗ್ ಪಾಸಿಂಗ್ ಬಿಸಿಯಾಗಿ ಹೋದ ಲಸಿಕೆಯ ಸೀಸೆಗಳನ್ನು ಗುಂಡಿಗೆ ಸುರಿಯುತ್ತಾ ಅಳುತ್ತಿದ್ದುದನ್ನು ನೋಡಿ ಬಂದೆ. ಆಮೇಲೆ ಐವತ್ತೊಂದು ಶನಿವಾರ ನೀನು ಮನೆಯಲ್ಲಿರಲಿಲ್ಲ. ಒಳಗೆ ಬಿಸಿಯೇರಿದರೆ ಸೂಲಗಿತ್ತಿಯ ಫೋನಿಗೆ ತಾನೇ ಸಂದೇಶ ಕಳಿಸುವ ಲಸಿಕೆ ಪೆಟ್ಟಿಗೆ ಮಾಡಿದೆ. ಪ್ರಯೋಗಾಲಯದವರು ಎಸೆದಿದ್ದ ಹಳೆಯ ಬೋರ್ಡುಗಳು, ಬಿಸಿಲಿನ ಫಲಕದ ಒಡೆದ ತುಂಡು, ಮೀನಿನ ಮಂಜುಗಡ್ಡೆ ಪೆಟ್ಟಿಗೆ, ಇಷ್ಟರಲ್ಲೇ. ನಾಲ್ಕು ಪೆಟ್ಟಿಗೆ. ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕ ಡಾಕ್ ಸಾಲ್ಸೆದೊ ಒಂದು ದಿನ ಬಂದು ನೋಡಿದ, ನಿನ್ನ ಭುಜ ತಟ್ಟಿದ, ಫೋಟೊ ತೆಗೆಸಿಕೊಂಡ. ಮುಂದಿನ ತಿಂಗಳು ಮನಿಲಾದಲ್ಲಿ ಅದಕ್ಕೆ ಅವನ ಹೆಸರಿನಲ್ಲಿ ಪ್ರಶಸ್ತಿ ಬಂತು. ನೀನು ಹೋಗಿ ಕೇಳಿದೆ. ಎರಡೇ ವಾರದಲ್ಲಿ ನಿನ್ನ ಬೀರುವಿನಲ್ಲಿ ಮೂರು ಬೋರ್ಡು 'ಸಿಕ್ಕವು', ನೀನು ಕಳ್ಳನಾದೆ, ಕೆಲಸ ಹೋಯಿತು. ಎಲೆಕ್ಟ್ರಿಷಿಯನ್ ಆಗಿ ಹಡಗು ಹತ್ತಿದೆ.

ನಾನು ಮಾತ್ರ ಅದೇ ಕಟ್ಟಡದಲ್ಲಿ, ಅದೇ ಮನುಷ್ಯನ ಕೆಳಗೆ, ಅವನಿಗೆ ಅನುದಾನ ಹುಡುಕಿಕೊಡುವ ಕೆಲಸದಲ್ಲಿ ಉಳಿದೆ. "ನಾಚಿಕೆ ಅನ್ನೋದಿದ್ಯಾ ನಿಂಗೆ? ಅವನ ಅರ್ಜಿ ಟೈಪ್ ಮಾಡೋ ಕೈಯಲ್ಲಿ ನನ್ನ ಮಗಳಿಗೆ ಊಟ ಹಾಕ್ತೀಯಾ?" ಎಂದು ಹಾಂಗ್‌ಕಾಂಗಿನಿಂದ ಕೇಳಿದ್ದೆ, ನೆನಪಿದೆಯೇ? ನಾನು ಉತ್ತರ ಕೊಡಲಿಲ್ಲ. ನೀನು ನನ್ನನ್ನು ನಾಚಿಕೆಗೆಟ್ಟವಳು ಅಂದುಕೊಂಡೆ. ಆ ಮನುಷ್ಯನೂ ಹಾಗೇ ಅಂದುಕೊಂಡ. ಬಂದ ಅತಿಥಿಗಳಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಹೆರ್ಮಿನಿಯಾ ಬುದ್ಧಿವಂತೆ. ಹಳೇದನ್ನ ಕಚ್ಕೊಂಡು ಕೂರೋಳಲ್ಲ" ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಕಾಫಿ ಇಡುತ್ತಿದ್ದೆ. ಇಂದು ಉತ್ತರ ಕೊಡುತ್ತಿದ್ದೇನೆ. ಕೇಳು.

ನನ್ನ ಕೆಲಸ ಏನೆಂದು ನೀನು ಎಂದೂ ಸರಿಯಾಗಿ ಕೇಳಿದವನಲ್ಲ, ಟೈಪ್ ಮಾಡುವುದು ಅಂದುಕೊಂಡಿದ್ದೀಯ. ಬೆಳಿಗ್ಗೆ ಹೋಗಿ ಮೊದಲು ಜಗತ್ತಿನ ಯಾವ ನಿಧಿ, ಯಾವ ಸರಕಾರ, ಯಾವ ಕಂಪನಿ ಆರೋಗ್ಯಕ್ಕೆ, ಯಂತ್ರಗಳಿಗೆ ಹಣ ಕೊಡುತ್ತೇನೆಂದು ಪ್ರಕಟಣೆ ಹಾಕಿದೆ ಎಂದು ನೋಡುತ್ತೇನೆ. ಯಾರು ಅರ್ಜಿ ಹಾಕಬಹುದು, ಯಾರು ಹಾಕಬಾರದು, ಕೊನೆಯ ದಿನ ಯಾವುದು, ಎಷ್ಟು ಪದದಲ್ಲಿ ಬರೆಯಬೇಕು, ಯಾರ ಪತ್ರ ಲಗತ್ತಿಸಬೇಕು, ಎಲ್ಲ ಓದುತ್ತೇನೆ. ದೊಡ್ಡ ಅಕ್ಷರದಲ್ಲಿರುವುದನ್ನು ಎಲ್ಲರೂ ಓದುತ್ತಾರೆ. ನಾನು ಕಡೆಯ ಪುಟದ ಸಣ್ಣಕ್ಷರ ಓದುವವಳು. ಪರಿಶೀಲಕರು ಬರೆದ ಟೀಕೆಗಳನ್ನು ಓದುತ್ತೇನೆ, ಯಾವ ಮಾತಿಗೆ ಅವರು ಕರಗುತ್ತಾರೆ, ಯಾವುದಕ್ಕೆ ಹುಬ್ಬೇರಿಸುತ್ತಾರೆ ಎಂದು ಬಲ್ಲೆ. ಡಾಕ್ ಸಾಲ್ಸೆದೊಗೆ ಈ ವರ್ಷಗಳಲ್ಲಿ ಬಂದ ಹಣವೆಲ್ಲ ನನ್ನ ವಾಕ್ಯಗಳಿಂದ ಬಂದದ್ದು. ಅವನು ಸುಳ್ಳು ಹೇಳಿದಲ್ಲಿ ನಾನು ತಿದ್ದಿದ್ದೇನೆ, ಲೆಕ್ಕ ತಪ್ಪಿದಲ್ಲಿ ಸರಿಮಾಡಿದ್ದೇನೆ. ಅವನನ್ನು ಅವನಿಂದಲೇ ಕಾಪಾಡಿದವಳು ನಾನು.

ನಿನ್ನ ಪೆಟ್ಟಿಗೆಗೆ ದೊಡ್ಡ ಅನುದಾನ ತರಬೇಕೆಂಬುದು ಅವನ ಆಸೆ. "ಹುಡುಕು, ಹೆರ್ಮಿನಿಯಾ. ಹೊರದೇಶದ್ದು, ದೊಡ್ಡದು" ಎಂದು ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಹುಡುಕಿದೆ. ನನ್ನ ಕಣ್ಣಿಗೆ ನಲವತ್ತಕ್ಕಿಂತ ಹೆಚ್ಚು ಪ್ರಕಟಣೆಗಳು ಬಿದ್ದವು, ಅವುಗಳಲ್ಲಿ ಹತ್ತಾದರೂ ನಿನ್ನ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದ್ದವು. ಒಂದನ್ನೂ ಅವನಿಗೆ ತೋರಿಸಲಿಲ್ಲ. ಅವರೆಲ್ಲ ಹಣ ಕೊಟ್ಟು, ವರದಿ ತೆಗೆದುಕೊಂಡು, ಕೈ ತೊಳೆದುಕೊಳ್ಳುವವರು. ನನಗೆ ಬೇಕಾಗಿದ್ದುದು ಪ್ರಶ್ನೆ ಕೇಳುವ ನಿಧಿ. ಕೊಡುವ ಮೊದಲು ಬಂದು ನೋಡುವವರು, ಮೂಲ ದಾಖಲೆ ಕೇಳುವವರು, ಲಗತ್ತುಗಳನ್ನು ಓದುವವರು. ಎರಡು ವರ್ಷ ಏಳು ತಿಂಗಳು ಕಾದೆ. ಮೊನ್ನೆ ಮಾರ್ಚ್‌ನಲ್ಲಿ ಬ್ಯಾಂಕಾಕಿನಲ್ಲಿ ಕಚೇರಿಯಿರುವ ಒಂದು ಆರೋಗ್ಯ ನಿಧಿಯ ಪ್ರಕಟಣೆ ಬಂತು. ಸಣ್ಣಕ್ಷರದಲ್ಲಿ ಹೀಗಿತ್ತು: ಸಾಧನವನ್ನು ಕಲ್ಪಿಸಿದವರು, ತಯಾರಿಸಿದವರು ಯಾರೆಂದು ಸಹಿ ಮಾಡಿದ ಹೇಳಿಕೆ ಬೇಕು; ಪ್ರಯೋಗದ ಮೂಲ ದಾಖಲೆಯ ಪ್ರತಿ ಪುಟದ ನಕಲು ಬೇಕು; ನಮ್ಮ ಅಧಿಕಾರಿ ಸ್ಥಳಕ್ಕೆ ಬಂದು ಸಾಧನ ಬಳಸುವವರ ಜೊತೆ ಮಾತಾಡುತ್ತಾರೆ. ನಾನು ಅದನ್ನು ಮೂರು ಸಲ ಓದಿದೆ. ಆಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಬಟ್ಟಲು ಬಾಚೊಯ್ ತಿಂದೆ. ಅಷ್ಟು ಹಸಿವು ನನಗೆ ನೀನು ಹೋದ ಮೇಲೆ ಆಗಿರಲಿಲ್ಲ.

ಮೂಲ ದಾಖಲೆ ಇದ್ದುದು ಬಗಾತ್ನಾನಿನಲ್ಲಿ, ಮಾನಾಂಗ್ ಪಾಸಿಂಗ್ ಹತ್ತಿರ. ದೋಣಿಯಲ್ಲಿ ಹೋದೆ. ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ಗಂಡನ್ನ ಸಮುದ್ರಕ್ಕೆ ಅಟ್ಟಿ, ಅಟ್ಟಿದೋನ ಹತ್ರಾನೇ ಟೈಪ್ ಮಾಡ್ತಾ ಇದೀಯಂತೆ, ಹೌದೇನೇ?" ನಾನು "ಹೌದು ಮಾನಾಂಗ್, ಅದಕ್ಕೇ ಬಂದಿದೀನಿ" ಎಂದು ಎಲ್ಲ ಹೇಳಿದೆ. ಅವಳು ರಿಜಿಸ್ಟರ್ ತಂದು ಮಡಿಲಲ್ಲಿಟ್ಟುಕೊಂಡು ಕೂತಳು, ಕೊಡಲಿಲ್ಲ. ನಿನ್ನ ನಾಲ್ಕು ಪೆಟ್ಟಿಗೆಗಳಲ್ಲಿ ಮೂರು ಉಪ್ಪುಗಾಳಿಗೆ ಸತ್ತಿವೆ ತೆರ್ಯೊ, ರಿಪೇರಿ ಮಾಡುವವನಿಲ್ಲದೆ. ಕಳೆದ ವರ್ಷ ಲಸಿಕೆ ತಂದ ದೋಣಿ ಗಾಳಿಗೆ ಸಿಕ್ಕಿ ಅರ್ಧ ದಿನ ಬಿಸಿಲಲ್ಲಿ ನಿಂತಿತ್ತಂತೆ. ಸಾದಾ ಪೆಟ್ಟಿಗೆ, ಒಳಗೆ ಬಿಸಿಯೇರಿದ್ದು ಯಾರಿಗೂ ಗೊತ್ತಾಗಲಿಲ್ಲ. ಕೆಟ್ಟ ಲಸಿಕೆಯನ್ನೇ ಮಕ್ಕಳಿಗೆ ಚುಚ್ಚಿದ್ದಾಳೆ. ಈ ವರ್ಷ ದಡಾರ ಬಂತು. ಅವಳ ತಂಗಿಯ ಮೊಮ್ಮಗಳು, ಎರಡು ವರ್ಷದ ಲಿನೆತ್, ಹೋದಳು. "ನನ್ನ ಕೈಯಿಂದಾನೇ ಚುಚ್ಚಿದ್ದೆ ಕಣೇ ಆ ಕೂಸಿಗೆ. ಇನ್ನು ಹೆದರಿಕೆಯಿಲ್ಲ ಅಂತ ಅವರಮ್ಮಂಗೆ ಹೇಳಿದ್ದೆ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ನಿನ್ನ ಸೇಡು ನಿಂಗಿರ್ಲಿ. ಹೊಟ್ಟೇಲಿ ಉರಿಯಿರೋಳಿಗೆ ಬೇಡ ಅನ್ನೋಳಲ್ಲ ನಾನು. ಆದ್ರೆ ಪೆಟ್ಟಿಗೆ ನಂಗೆ ಬೇಕು. ನಿಮ್ಮ ಜಗಳದಲ್ಲಿ ಪೆಟ್ಟಿಗೆ ಬರ್ದೇ ಹೋದ್ರೆ ನಿನ್ನ ಮನೆ ಮುಂದೆ ಬಂದು ನಿಂತು ಕೂಗ್ತೀನಿ, ಜಾರೊ ಬೀದಿಯೆಲ್ಲಾ ಕೇಳೋ ಹಂಗೆ" ಎಂದು ರಿಜಿಸ್ಟರನ್ನು ನನ್ನ ಕೈಗೆ ತುರುಕಿದಳು.

ವಾಪಸು ಬರುವಾಗ ದೋಣಿಯಲ್ಲಿ ಆ ಪುಟಗಳನ್ನು ತಿರುವಿದೆ. ಶನಿವಾರದಿಂದ ಶನಿವಾರಕ್ಕೆ ನಿನ್ನ ಅಕ್ಷರ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಏನು ಬದಲಿಸಿದೆ, ಪಕ್ಕದಲ್ಲಿ ತಂತಿಗಳ ಚಿತ್ರ, ಕೆಳಗೆ ನಿನ್ನ ಸಹಿ, ಅವಳ ಸಹಿ, ತಾರೀಖು. ಮೊದಲ ತಾರೀಖು, ಆ ಮನುಷ್ಯ ಮನಿಲಾದಲ್ಲಿ ಪ್ರಶಸ್ತಿ ಹಿಡಿದು ಈ ಕಲ್ಪನೆ ತನ್ನದೇ ಎಂದು ಹೇಳಿದ ದಿನಕ್ಕಿಂತ ಹದಿಮೂರು ತಿಂಗಳು ಹಿಂದಿನದು. ಮಾನಾಂಗ್ ಹೇಳಿದ್ದು ನನ್ನನ್ನು ಕೊರೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಸುಮ್ಮನಿದ್ದು, ಎಂದಿನಂತೆ ಅವನ ಸುಳ್ಳನ್ನು ನಯವಾಗಿ ತಿದ್ದಿ ಕಳಿಸಿದ್ದರೆ ಹಣ ಖಂಡಿತ ಬರುತ್ತಿತ್ತು. ಮುನ್ನೂರು ಪೆಟ್ಟಿಗೆ ಆಗುತ್ತಿದ್ದವು. ಅವನ ಹೆಸರಿನವು. ದಡ ಮುಟ್ಟುವ ತನಕ ಯೋಚಿಸಿದೆ. ಆ ಹೆಸರು ಹೊತ್ತ ಮುನ್ನೂರು ಪೆಟ್ಟಿಗೆಗಳು ಪಾನಾಯ್ ದ್ವೀಪದ ತುಂಬ ಓಡಾಡುವುದನ್ನು ಕಣ್ಣ ಮುಂದೆ ತಂದುಕೊಂಡೆ. ಆಗಲಿಲ್ಲ ತೆರ್ಯೊ. ನಾನು ಒಳ್ಳೆಯವಳಲ್ಲ.

ಅರ್ಜಿ ಬರೆಯುವ ಆ ಆರು ವಾರ ನಾನು ಒಂದೇ ಒಂದು ಬದಲಾವಣೆ ಮಾಡಿದೆ. ಅವನು ಹೇಳಿದ್ದನ್ನು ತಿದ್ದಲಿಲ್ಲ. ಸಾಧನ ಮಾಡಿದವರು ಯಾರು ಎಂಬ ಹೇಳಿಕೆಯ ಪುಟ ಬಂದಾಗ ಕೇಳಿದೆ: "ಡಾಕ್, ಬೇರೆ ಯಾರದ್ದಾದ್ರೂ ಹೆಸರು ಸೇರಿಸ್ಬೇಕಾ?" ಅವನು ಫೋನಿನಿಂದ ಕಣ್ಣೆತ್ತಲಿಲ್ಲ. "ಯಾರದ್ದು ಸೇರಿಸ್ತೀಯಾ? ಕಲ್ಪನೆ, ವಿನ್ಯಾಸ, ತಯಾರಿ ಎಲ್ಲ ನನ್ನೊಬ್ಬಂದೇ ಅಂತ ಬರಿ." ನಾನು ಕೇಳಿದ್ದು ಅವನಿಗೊಂದು ಅವಕಾಶ ಕೊಡಲೆಂದಲ್ಲ. ಮುಂದೆ ಯಾರೂ ತನ್ನನ್ನು ಕೇಳಲಿಲ್ಲ ಎಂದು ಅವನು ಹೇಳಬಾರದಲ್ಲ, ಅದಕ್ಕೆ. ಕೇಳಿದ ಮೇಲೆ ಉಸಿರು ಬಿಗಿಹಿಡಿದಿದ್ದೆ, ಎಲ್ಲಿ ನಿನ್ನ ಹೆಸರು ಹೇಳಿ ಎಲ್ಲವನ್ನೂ ಹಾಳುಮಾಡಿಬಿಡುತ್ತಾನೋ ಎಂದು! ಲಗತ್ತುಗಳ ಕಂತೆಯನ್ನು ಮುಂದಿಟ್ಟಾಗ, "ಅದನ್ನೆಲ್ಲ ನೀನೇ ನೋಡ್ಕೋ. ಸಹಿ ಎಲ್ಲೆಲ್ಲಿ ಹಾಕ್ಬೇಕೋ ಅಲ್ಲೆಲ್ಲ ಹಳದಿ ಚೀಟಿ ಅಂಟ್ಸು, ಓದ್ತಾ ಕೂರೋಕೆ ನಂಗೆ ಪುರುಸೊತ್ತಿಲ್ಲ" ಅಂದ. ಹಳದಿ ಚೀಟಿ ಅಂಟಿಸಿದೆ. ರಿಜಿಸ್ಟರಿನ ನಕಲು ಏಳನೇ ಲಗತ್ತು. ನಿನ್ನ ಐವತ್ತೊಂದು ಶನಿವಾರಗಳ ಕೆಳಗೂ ತನ್ನ ಸಹಿ ಗೀಚುತ್ತಾ ಹೋದ, ನಡುನಡುವೆ ಹುರಿದ ಕಡಲೆಬೀಜ ತಿನ್ನುತ್ತಾ.

ಆಗಸ್ಟ್‌ನಲ್ಲಿ ಬ್ಯಾಂಕಾಕಿನಿಂದ ಪತ್ರ ಬಂತು. ಅರ್ಜಿ ಮೊದಲ ಸುತ್ತು ದಾಟಿದೆ, ಅಭಿನಂದನೆ, ಒಂದು ಸಣ್ಣ ಪ್ರಶ್ನೆ: ಏಳನೇ ಲಗತ್ತಿನಲ್ಲಿ ವಾರವಾರವೂ ಸಹಿ ಮಾಡಿರುವ ಇ. ಗಲ್ಯೇಗೊ ಯಾರು, ಅರ್ಜಿಯಲ್ಲಿ ಅವರ ಹೆಸರು ಎಲ್ಲೂ ಇಲ್ಲವಲ್ಲ? ನೀನು ತೆರ್ಯೊ ಎಂದು ಸಹಿ ಹಾಕುವವನಲ್ಲವಲ್ಲ, ಅದು ನೀನೆಂದು ಅವರಿಗೆ ಹೇಗೆ ಗೊತ್ತಾಗಬೇಕು! ಡಾಕ್ ಮುಖ ಹಸಿ ಹಿಟ್ಟಿನ ಹಾಗಾಯಿತು. "ಏನಿದು ಏಳನೇ ಲಗತ್ತು? ಯಾರು ಹಾಕಿದ್ದು?" ಅಂದ. "ಮೂಲ ದಾಖಲೆ ಕೇಳಿದ್ರು ಡಾಕ್. ಪ್ರತಿ ಪುಟಕ್ಕೂ ನೀವೇ ಸಹಿ ಹಾಕಿದೀರಿ" ಅಂದೆ, ಕಾಫಿ ಇಡುವಾಗಿನ ಅದೇ ದನಿಯಲ್ಲಿ. ಆಗ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ. ಆ ಕ್ಷಣವೇ ನನ್ನನ್ನು ಹೊರಗೆ ಹಾಕುತ್ತಿದ್ದನೇನೋ, ಆದರೆ ಅರ್ಜಿಯ ಒಳಹೊರಗು ನನಗೊಬ್ಬಳಿಗೇ ಗೊತ್ತು. ಹಲ್ಲು ಕಚ್ಚಿ, "ಇದು ಮುಗೀಲಿ, ಆಮೇಲೆ ನಿನ್ನ ನೋಡ್ಕೋತೀನಿ" ಅಂದ. ಉತ್ತರ ಏನು ಬರೆಯಲಿ ಎಂದು ಕೇಳಿದೆ. "ಡ್ರೈವರ್ ಅಂತ ಬರಿ. ಪೆಟ್ಟಿಗೆ ಸಾಗಿಸೋ ಡ್ರೈವರ್." "ಹಾಗೇ ಬರೀಲಾ ಡಾಕ್?" "ಹೇಳಿದೀನಲ್ಲ, ಹಾಗೇ ಬರಿ!" ಹಾಗೇ ಬರೆದೆ. ಅದಕ್ಕೂ ಹಳದಿ ಚೀಟಿ ಅಂಟಿಸಿದೆ.

ಸೆಪ್ಟೆಂಬರ್ ಮೊದಲ ವಾರ ನಿಧಿಯ ಅಧಿಕಾರಿ ಬಂದಳು. ವಿಪಾದಾ ಎಂದು ಹೆಸರು, ಥಾಯ್ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ, ಕಾಲಲ್ಲಿ ರಬ್ಬರ್ ಚಪ್ಪಲಿ. ನಾಲ್ಕು ಮಾತಾಡುವ ಕಡೆ ಅರ್ಧ ಮಾತಾಡುತ್ತಾಳೆ, ಎಲ್ಲ ಬರೆದುಕೊಳ್ಳುತ್ತಾಳೆ. ಡಾಕ್ ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದ, ದೋಣಿಯಲ್ಲಿ ಉಪ್ಪುನೀರು ಎರಚಿ ಬೆನ್ನಿಗೆ ಅಂಟಿಕೊಂಡಿತ್ತು. ಮಾನಾಂಗ್ ಪಾಸಿಂಗ್ ಕೋಳಿ ತಿನೋಲಾ ಮಾಡಿ ಬಡಿಸಿದಳು. ಊಟವಾದ ಮೇಲೆ, ಇನ್ನೂ ಉಸಿರಿರುವ ಆ ಒಂದು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ವಿಪಾದಾ ಮೆಲ್ಲಗೆ, "ಡಾಕ್ಟರ್, ಬ್ಯಾಟರಿ ಎಲ್ಲಿ ಕೂರಿಸಿದೀರಿ ಅಂತ ಬಿಚ್ಚಿ ತೋರಿಸ್ತೀರಾ?" ಎಂದು ಕೇಳಿದಳು. ಅವನು ಪೆಟ್ಟಿಗೆಯನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಎತ್ತಿ ಅಡಿ ನೋಡಿದ. "ಸ್ಕ್ರೂಡ್ರೈವರ್ ತಂದಿಲ್ಲ" ಅಂದ. ಮಾನಾಂಗ್ ಮುಸಿಮುಸಿ ನಗತೊಡಗಿದಳು. "ಸ್ಕ್ರೂಡ್ರೈವರ್ ಯಾಕೆ ಡಾಕ್? ಜೇಬಲ್ಲಿ ಒಂದು ಪೆಸೊ ಇದ್ರೆ ಕೊಡಿ." ಅವನ ಕೈಯಿಂದ ನಾಣ್ಯ ಇಸಿದುಕೊಂಡು ಎರಡು ತಿರುವಿಗೆ ಮುಚ್ಚಳ ತೆಗೆದಳು. "ಮೊದ್ಲು ಸ್ಕ್ರೂ ಇತ್ತಮ್ಮಾ, ತುಕ್ಕು ಹಿಡೀತು. ತೆರ್ಯೊಗೆ ಬಾಯಿಗೆ ಬಂದಂಗೆ ಬೈದೆ. ಮುಂದಿನ ಶನಿವಾರವೇ ನಾಣ್ಯದಲ್ಲಿ ತೆಗೆಯೋದು ಮಾಡ್ಕೊಂಡು ಬಂದ." ವಿಪಾದಾ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ, "ತೆರ್ಯೊ ಅಂದ್ರೆ ಆ ಡ್ರೈವರ್ರಾ?" ಎಂದಳು. ಮಾನಾಂಗ್‌ಗೆ ಅರ್ಥವೇ ಆಗಲಿಲ್ಲ. "ಡ್ರೈವರ್ರೇ? ಈ ದ್ವೀಪದಲ್ಲಿ ರಸ್ತೇನೇ ಇಲ್ವಲ್ಲಮ್ಮಾ!" ಅಂದಳು. ಆ ಹೊತ್ತಿನ ಅವನ ಮುಖವನ್ನು ನಿನಗೆ ಬರೆದು ತಿಳಿಸುವಷ್ಟು ಭಾಷೆ ನನಗೆ ಬರುವುದಿಲ್ಲ. ನೀನಿರಬೇಕಿತ್ತು. ಅಷ್ಟೇ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಅವನು ನನ್ನನ್ನು ಕರೆದು ಮೇಜಿನ ಮೇಲೆ ಒಂದು ಕಾಗದ ಎಸೆದ. "ಓದು. ಗಂಡನ ಸಹಿ ಗುರುತು ಸಿಗುತ್ತೆ ತಾನೇ?" ಸಿಕ್ಕಿತು, ತೆರ್ಯೊ. ಪೆಟ್ಟಿಗೆಯನ್ನು ಡಾಕ್ಟರ್ ಸಾಲ್ಸೆದೊ ಅವರ ನಿರ್ದೇಶನದಲ್ಲಿ, ಅವರು ಹೇಳಿದಂತೆ ಮಾಡಿದ್ದೇನೆ, ಅದು ಕಾಲೇಜಿನದು, ಅದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಎಂದು ಬರೆದು, ಕೆಳಗೆ ನಿನ್ನ ಸಹಿ. "ಮೂರು ವರ್ಷದಿಂದ ನನ್ನ ಬೆನ್ನ ಹಿಂದೆ ಕತ್ತಿ ಮಸೀತಾ ಇದ್ಯಲ್ಲ. ಇದನ್ನ ನಿನ್ನ ಗಂಡ ಹೇಳಿರ್ಲಿಲ್ವಾ? ಪಾಪ!" ಎಂದು ನಕ್ಕ. ಇಷ್ಟು ವರ್ಷ ನಾನು ಯಾರಿಗಾಗಿ ಹಲ್ಲು ಕಚ್ಚಿದ್ದೆನೋ ಅವನೇ ಬರೆದುಕೊಟ್ಟಿದ್ದಾನೆ. ಪುಟ ತಿರುಗಿಸಿದೆ. ಎರಡನೆಯದರಲ್ಲಿ ನಾಲ್ಕೇ ಸಾಲು. ಇದಕ್ಕೆ ಪ್ರತಿಯಾಗಿ ಕಳವಿನ ದೂರು ಪೊಲೀಸರಿಗೆ ಹೋಗುವುದಿಲ್ಲ, ಮತ್ತು ಸದರಿಯವನ ಹೆಂಡತಿ ಹೆರ್ಮಿನಿಯಾ ಗಲ್ಯೇಗೊ ಇವಳನ್ನು ಕೆಲಸದಿಂದ ತೆಗೆಯುವುದಿಲ್ಲ. ತಾರೀಖು ನೋಡಿದೆ. ಹೋವಿತಾಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದ ವಾರ. ನನ್ನ ಕೆಲಸದ ವಿಮೆಯಲ್ಲೇ ಅವಳ ಚಿಕಿತ್ಸೆ ನಡೆಯುತ್ತಿತ್ತು. ಅವತ್ತು ಸಂಜೆ ನೀನು ವಾರ್ಡಿಗೆ ಬಂದು ಅವಳ ಮಂಚದ ಕಾಲ ಬಳಿ ಕೂತು, "ಎಲ್ಲ ಸರಿಹೋಯ್ತು ಮಿನಿಯಾ, ಏನೂ ಕೇಳ್ಬೇಡ" ಅಂದಿದ್ದೆ. ನಾನು ಕೇಳಲಿಲ್ಲ.

ನಿನ್ನ ಮೇಲೆ ನನಗೆ ಎಷ್ಟು ಕೋಪ ಬಂತೆಂದರೆ, ಆ ಮನುಷ್ಯನ ಮೇಲಿನದು ಅದರ ಮುಂದೆ ಏನೂ ಅಲ್ಲ. ನನ್ನನ್ನು ಕೇಳದೆ ನನ್ನ ಕೆಲಸವನ್ನು ಕೊಂಡೆ. ಕೊಟ್ಟ ಬೆಲೆಯನ್ನು ಮುಚ್ಚಿಟ್ಟೆ. ಮುಚ್ಚಿಟ್ಟವನು ಹಾಂಗ್‌ಕಾಂಗಿನಿಂದ ಫೋನು ಮಾಡಿ ನನಗೇ ನಾಚಿಕೆಯಿಲ್ಲವೇ ಎಂದು ಕೇಳಿದೆ! ನೀನು ಎದುರಿಗಿದ್ದಿದ್ದರೆ ಆ ಕಾಗದದಿಂದಲೇ ಮುಖಕ್ಕೆ ಹೊಡೆಯುತ್ತಿದ್ದೆ, ಆಮೇಲೆ ಏನು ಮಾಡುತ್ತಿದ್ದೆನೋ ಇಲ್ಲಿ ಬರೆಯಲಾರೆ. ಸೆವೆರಿನೊ ಲಕೋಟೆ ಬಿಚ್ಚಿ ಓದಿದರೆ ಎಂಬ ಭಯ.

ಅವನು ಮಾತ್ರ ಗೆದ್ದ ಹುರುಪಿನಲ್ಲಿದ್ದ. "ಇದನ್ನ ಈಗಲೇ ಸ್ಕ್ಯಾನ್ ಮಾಡಿ ಬ್ಯಾಂಕಾಕಿಗೆ ಕಳ್ಸು. ಅನುಮಾನ ಎಲ್ಲ ಒಂದೇ ಏಟಿಗೆ ಮುಗೀಲಿ. ಮೊದಲ ಪುಟ ಸಾಕು" ಅಂದ. ಆಗಲೂ ಹದಿನಾಲ್ಕು ವರ್ಷದ ಅಭ್ಯಾಸ ಬಿಟ್ಟು ಹೋಗಿರಲಿಲ್ಲ. "ಡಾಕ್, ಕೆಳಗೆ ಎರಡರಲ್ಲಿ ಒಂದನೇ ಪುಟ ಅಂತ ಅಚ್ಚಾಗಿದೆ. ಇನ್ನೊಂದು ಎಲ್ಲಿ ಅಂತ ಕೇಳ್ತಾರೆ" ಅಂದೆ. ಅವನು ಎರಡನೆಯ ಪುಟವನ್ನು ತೆಗೆದುಕೊಂಡು ಓದಿದ. ಈ ಸಲ ನಿಜವಾಗಿ ಓದಿದ, ನಾನು ಅವನ ಕಣ್ಣು ಸಾಲಿನಿಂದ ಸಾಲಿಗೆ ಹೋಗುವುದನ್ನೇ ನೋಡುತ್ತಿದ್ದೆ. ಓದಿ ಹೇಳಿದ: "ಇದ್ರಲ್ಲೇನಿದೆ? ಕಳ್ಳನ ಹೆಂಡ್ತೀನೂ ಕೆಲಸದಲ್ಲಿ ಇಟ್ಕೊಂಡಿದೀನಿ ಅಂತ ಇದೆ. ನನ್ನ ದೊಡ್ಡತನ ಅವ್ರಿಗೂ ಗೊತ್ತಾಗ್ಲಿ. ಕಳ್ಸು, ಎರಡೂ ಕಳ್ಸು." ಎರಡೂ ಪುಟಗಳನ್ನು ಗಾಜಿನ ಮೇಲೆ ಅಂಚಿಗೆ ಅಂಚು ಸೇರಿಸಿ ನೆಟ್ಟಗಿಟ್ಟು, ಒಂದು ಅಕ್ಷರವೂ ಮಸುಕಾಗದ ಹಾಗೆ ಸ್ಕ್ಯಾನ್ ಮಾಡಿದೆ. ನಾನು ಈ ಕಾಲೇಜಿಗೆ ಮಾಡಿದ ಕೆಲಸಗಳಲ್ಲೇ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ಹನ್ನೊಂದು ದಿನಕ್ಕೆ ನಿಧಿಯ ಪತ್ರ ನೇರವಾಗಿ ಕಾಲೇಜಿನ ಅಧ್ಯಕ್ಷರಿಗೆ ಬಂತು. ಹೆದರಿಸಿ ಬರೆಸಿಕೊಂಡ ಕಾಗದವನ್ನು ಹಕ್ಕಿನ ದಾಖಲೆಯೆಂದು ಕಳಿಸಿದವರ ಜೊತೆ ತಾವು ಮುಂದೆಂದೂ ವ್ಯವಹರಿಸುವುದಿಲ್ಲ, ಅವರ ಹಳೆಯ ಅರ್ಜಿಗಳನ್ನೂ ಕಾಲೇಜು ಪರೀಕ್ಷಿಸಬೇಕು ಎಂದು. ಮನಿಲಾದವರು ಪ್ರಶಸ್ತಿ ವಾಪಸು ಕೇಳಿದ್ದಾರೆ. ವಿಚಾರಣೆ ಮುಗಿಯುವ ತನಕ ಅವನಿಗೆ ಕಡ್ಡಾಯ ರಜೆ. ಹೋಗುವ ದಿನ ರಟ್ಟಿನ ಡಬ್ಬಿಯಲ್ಲಿ ಫೋಟೊಗಳನ್ನು ತುಂಬಿಕೊಂಡು ನನ್ನ ಮೇಜಿನ ಮುಂದೆ ನಿಂತು, "ಏನು ಸಿಕ್ತು ನಿಂಗೆ?" ಎಂದು ಕೇಳಿದ. ಕಣ್ಣು ಕೆಂಪಾಗಿದ್ದವು. ಕನಿಕರ ಬರಬಹುದೆಂದು ಕಾದೆ, ಬರಲಿಲ್ಲ. "ನೀವು ಸಹಿ ಹಾಕಿದ್ದನ್ನೆಲ್ಲ ನಾನು ಓದಿದ್ದೆ ಡಾಕ್. ನಿಮ್ಮ ಬದ್ಲಿಗೆ" ಅಂದೆ. ಕಿಟಕಿಯಲ್ಲಿ ನಿಂತು ಅವನು ಗೇಟು ದಾಟಿ, ಜೀಪ್ನಿಗೆ ಕೈ ಅಡ್ಡ ಹಿಡಿದು, ಜಾಗವಿಲ್ಲದೆ ಮತ್ತೊಂದಕ್ಕೆ ಕಾಯುವ ತನಕ ನೋಡಿದೆ. ಮೂರು ಜೀಪ್ನಿ ಹೋದವು. ಪ್ರತಿಯೊಂದನ್ನೂ ಎಣಿಸಿದೆ.

ಆದರೆ ಅರ್ಜಿ ಸತ್ತಿತಲ್ಲ. ಮಾನಾಂಗ್ ಪಾಸಿಂಗ್ ಮಾತು ಕೊಟ್ಟಂತೆ ನಮ್ಮ ಬೀದಿಗೆ ಬಂದು ಕೂಗುವ ಮೊದಲೇ ನಾನು ವಿಪಾದಾಗೆ ಬರೆದೆ, ಮೂರು ವರ್ಷದಲ್ಲಿ ಮೊದಲ ಸಲ ನನ್ನ ಸ್ವಂತ ಹೆಸರಿನಲ್ಲಿ. ಉತ್ತರ ಬಂದಿದೆ. ಪೆಟ್ಟಿಗೆ ಮಾಡಿದವನೇ ಮುಖ್ಯ ಅರ್ಜಿದಾರನಾಗಿ, ದ್ವೀಪದ ಪುರಸಭೆಯ ಆರೋಗ್ಯ ಕಚೇರಿಯ ಜೊತೆ ಸೇರಿ, ಈ ತಿಂಗಳ ಮೂವತ್ತೊಂದರೊಳಗೆ ಹೊಸ ಅರ್ಜಿ ಹಾಕಬಹುದು. ಆರೋಗ್ಯ ಕಚೇರಿಯವರು ಒಪ್ಪಿದ್ದಾರೆ. ಅರ್ಜಿಯನ್ನು ನಾನೇ ಬರೆದಿದ್ದೇನೆ, ಮೊದಲಿನದಕ್ಕಿಂತ ಚೆನ್ನಾಗಿದೆ, ಲಗತ್ತಿಸಿದ್ದೇನೆ ನೋಡು. ನೀನು ಆ ಕಾಗದಕ್ಕೆ ಯಾವ ಪರಿಸ್ಥಿತಿಯಲ್ಲಿ ಸಹಿ ಹಾಕಿದೆ ಎಂದು ನಿನ್ನ ಕೈಬರಹದಲ್ಲಿ ಒಂದು ಪುಟ ಬರೆಯಬೇಕಂತೆ. ವಿಪಾದಾ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಾಳೆ. ಅದನ್ನು ಇಲ್ಲಿ ಬರೆಯುವ ಧೈರ್ಯ ಸಾಲುತ್ತಿಲ್ಲ. ಬೆಳಗಾಗುವಷ್ಟರಲ್ಲಿ ಧೈರ್ಯ ಬಂದರೆ ಕೆಳಗೆ ಸೇರಿಸುತ್ತೇನೆ.

ಅಮ್ಮ ನಿನ್ನ ಹಣೆಗೆ ಕೈಯಿಟ್ಟು ಹರಸಿದೆನೆಂದು ಬರೆಯಲು ಹೇಳಿದ್ದಾರೆ. ಹೋವಿತಾ ಬಿದ್ದ ಹಲ್ಲೊಂದನ್ನು ಲಕೋಟೆಗೆ ಹಾಕಬೇಕೆಂದು ಹಟ ಹಿಡಿದಿದ್ದಾಳೆ, ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ, ಎಸೆದುಬಿಡಬೇಡ. ಸೆಕೆಯಲ್ಲಿ ನೀರು ಕುಡಿ. ಜಾರೊದ ಕಾಂದೆಲಾರಿಯಾ ತಾಯಿ ನಿನ್ನ ಹಡಗಿನ ಮುಂದೆ ದೀಪ ಹಿಡಿದು ನಡೆಯಲಿ.

ಇನ್ನೂ ಕೋಪದಲ್ಲಿರುವ,
ನಿನ್ನ ಮಿನಿಯಾ

ಕೆಳಗೆ ಸೇರಿಸಿದ್ದು — ಶುಕ್ರವಾರ ಮಧ್ಯಾಹ್ನ. ಸೆವೆರಿನೊ ಬೆಳಿಗ್ಗೆ ಬರುತ್ತೇನೆಂದವನು ಈಗ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಅಮ್ಮ ಅವನಿಗೆ ಅನ್ನ ಹಾಕುತ್ತಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ವಿಪಾದಾ ಕೇಳಿದ್ದು ಇದು: ಆ ಕಾಗದದ ಎರಡನೆಯ ಪುಟದಿಂದ ನಿಮಗೆ ಸಿಕ್ಕಿದ ಲಾಭ ಈಗಲೂ ಮುಂದುವರಿದಿದೆಯೇ? ಲಾಭವೆಂದರೆ ನನ್ನ ಕೆಲಸ. ಮುಂದುವರಿದಿದ್ದರೆ ಒಪ್ಪಂದ ಇನ್ನೂ ಜೀವಂತ, ಪೆಟ್ಟಿಗೆ ಇನ್ನೂ ಕಾಲೇಜಿನದು. ಇವತ್ತು ಬೆಳಿಗ್ಗೆ ಕಚೇರಿಗೆ ಹೋಗಿ ರಾಜೀನಾಮೆ ಕೊಟ್ಟು ಬಂದೆ. ಹಂಗಾಮಿ ನಿರ್ದೇಶಕರು ಬೇಡವೆಂದರು, ಸಂಬಳ ಹೆಚ್ಚಿಸುತ್ತೇವೆಂದರು. ಹದಿನಾಲ್ಕು ವರ್ಷದ ಮೇಜು ಖಾಲಿ ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ನೀನು ಕೊಂಡದ್ದನ್ನು ಹಿಂದಿರುಗಿಸಿದ್ದೇನೆ ತೆರ್ಯೊ, ಈಗ ಪೆಟ್ಟಿಗೆ ನಿನ್ನದು. ಹಳದಿ ಚೀಟಿ ಅಂಟಿಸಿದ ಕಡೆ ನೀಲಿ ಶಾಯಿಯಲ್ಲಿ ಸಹಿ ಹಾಕಿ, ಸೆವೆರಿನೊ ರಜೆಯಲ್ಲಿದ್ದಾಗ ಬದಲಿಗಿದ್ದು ಈಗ ಸಿಂಗಪುರದಲ್ಲಿ ಹಡಗಿಳಿಯುವ ಅಡುಗೆಯವನ ಕೈಯಲ್ಲಿ ಅಂದೇ ಕಳಿಸು. ಹಾಕುವ ಮೊದಲು ಪ್ರತಿ ಪುಟವನ್ನೂ ಓದು. ಸಹ ಅರ್ಜಿದಾರರು ಎಂಬಲ್ಲಿ ಒಂದು ಹೆಸರಿದೆ, ನನ್ನದು. ನಿನ್ನನ್ನು ಕೇಳದೆಯೇ ಹಾಕಿದ್ದೇನೆ.